ಹಂದಿಯ ಚರ್ಮ ತಿಂದವಳು ನಾನೇ

ಹಂದಿಯ ಚರ್ಮ ತಿಂದವಳು ನಾನು. ಮನಾಂಗ್ ಇಸಿಂಗ್ ಅಲ್ಲ. ಈ ಮಾತನ್ನು ಆರು ದಿನ ಹೇಳಿದೆ. ಕೂಗಿ ಹೇಳಿದೆ, ಅತ್ತು ಹೇಳಿದೆ, ನೆಲಕ್ಕೆ ಕೈ ಬಡಿದು ಹೇಳಿದೆ. ಊರವರು ನನ್ನ ತಲೆ ಸವರಿ ಹೋದರು.

ನನ್ನ ಹೆಸರು ಪುರಿಫಿಕಾಸ್ಯೊನ್. ಪುರಿಂಗ್ ಅಂತ ಕರೆಯುತ್ತಾರೆ. ವಯಸ್ಸು ಮೂವತ್ತನಾಲ್ಕು. ಹುಟ್ಟುವಾಗ ಉಸಿರು ತಡವಾಗಿ ಬಂತಂತೆ. ಎರಡು ಕಾಲೂ ಕತ್ತರಿಯ ಹಾಗೆ ಒಂದರ ಮೇಲೊಂದು ಬಿದ್ದಿವೆ. ಎಡಗೈ ಎದೆಗೆ ಅಂಟಿಕೊಂಡಿದೆ. ಬಲಗೈ ನಾನು ಹೇಳಿದ್ದು ಕೇಳುತ್ತದೆ, ಅದಕ್ಕೆ ಮನಸ್ಸಿದ್ದರೆ. ಕುತ್ತಿಗೆ ತನಗೆ ತೋಚಿದ ಕಡೆ ತಿರುಗುತ್ತದೆ. ಮಾತು ತಲೆಯೊಳಗೆ ನೆಟ್ಟಗಿರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಸೊಟ್ಟಗಾಗುತ್ತದೆ. ಅದು ಪೂರ್ತಿ ತಿಳಿಯುವುದು ಇಬ್ಬರಿಗೇ. ಒಬ್ಬಳು ನನ್ನ ಹೆತ್ತವಳು, ನನಾಯ್. ಇನ್ನೊಬ್ಬಳು ಪಕ್ಕದ ಗುಡಿಸಲಿನಲ್ಲಿರುವ ಮನಾಂಗ್ ಇಸಿಂಗ್. ಊರಿನ ಬಟ್ಟೆ ಒಗೆಯುವವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಅದಕ್ಕೇ ಮನಾಂಗ್, ಅಂದರೆ ಅಕ್ಕ.

ನನಾಯ್ ಇಬೋಸ್ ಮಾಡಿ ಸಂತೆಯಲ್ಲಿ ಮಾರುತ್ತಾಳೆ. ತೆಂಗಿನ ಗರಿಯ ಕೊಳವೆಗೆ ಅಂಟಕ್ಕಿ ತುಂಬಿ ಬೇಯಿಸುವ ತಿಂಡಿ. ಆ ಗರಿ ಸುತ್ತುವವಳು ನಾನು. ಕಾಲ್ಬೆರಳಲ್ಲಿ ಗರಿಯ ತುದಿ ಹಿಡಿಯುತ್ತೇನೆ, ಬಲಗೈಯಲ್ಲಿ ಸುತ್ತುತ್ತೇನೆ, ಹಲ್ಲಲ್ಲಿ ಬಿಗಿಯುತ್ತೇನೆ. ಗರಿಯ ಅಂಚು ಕೊಯ್ದು ತುಟಿ ಯಾವಾಗಲೂ ಒಡೆದಿರುತ್ತದೆ. ದಿನಕ್ಕೆ ನೂರು ಸುತ್ತುತ್ತೇನೆ. ಊರೆಲ್ಲ ಅದನ್ನು ಬಿಚ್ಚಿ ತಿನ್ನುತ್ತದೆ. ತಿಂದು, "ಪಾಪ, ಆ ಹುಡುಗಿ ಕೂತಲ್ಲೇ ಕೂತಿರುತ್ತೆ" ಅನ್ನುತ್ತದೆ.

ಪಂದನೋನ್ ಊರಲ್ಲಿ ನನ್ನಂಥವರಿಗೆ ದೇವದೂತೆ ಅಂತ ಹೆಸರು. ಪಾಪ ಅಂದರೆ ಏನಂತ ಗೊತ್ತಿಲ್ಲದವಳು. ಅದೃಷ್ಟ ತರುವವಳು. ಕೋಳಿ ಅಂಕಕ್ಕೆ ಹೊರಟವರು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದು ನನ್ನ ಭುಜ ಮುಟ್ಟಿ ಹೋಗುತ್ತಾರೆ. ಒಬ್ಬ ಹುಂಜವನ್ನೇ ನನ್ನ ಮೈಗೆ ಒತ್ತಿದ. ಅದು ನನ್ನ ಕಿವಿ ಕುಕ್ಕಿತು. ಆ ದಿನ ಅದು ಗೆದ್ದುಬಿಟ್ಟಿತು. ಮುಂದಿನ ವಾರ ಏಳು ಹುಂಜ ಸಾಲಾಗಿ ಬಂದವು.

ಪಾಪ ಗೊತ್ತಿಲ್ಲವಂತೆ! ಮಂಜುಗಡ್ಡೆ ಮಾರುವ ಕ್ರಿಸ್ಪುಲೊ ಅಂಗಿ ಬಿಚ್ಚಿ ಗರಗಸ ಎಳೆಯುವಾಗ ನಾನು ಏನೇನು ಅಂದುಕೊಳ್ಳುತ್ತೇನೆ ಅನ್ನುವುದು ಯಾರಿಗೆ ಗೊತ್ತು? ಇಸಿಂಗ್‌ಗೆ ಗೊತ್ತು.

"ಲೇ ಪುರಿಂಗ್, ಜೊಲ್ಲು ಒರೆಸ್ಕೊ," ಅನ್ನುತ್ತಾಳೆ. "ಇದು ಕಾಯಿಲೆ ಜೊಲ್ಲಲ್ಲ, ನಂಗೆ ಗೊತ್ತು."

ಈ ಊರಲ್ಲಿ ನನ್ನನ್ನು ಬೈಯುವವಳು ಅವಳೊಬ್ಬಳೇ. ಹಾಗಾಗಿ ಅವಳು ನನಗೆ ಅನ್ನದಷ್ಟೇ ಬೇಕು.

ನಮ್ಮೂರ ಮುಖ್ಯಸ್ಥ ಕಪಿತಾನ್ ತಿಯೊದುಲ್ಫೊ. ಅವನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ನನಗೊಂದು ಗಾಲಿಕುರ್ಚಿ ದಾನ. ಮೊದಲ ವರ್ಷ ಕೊಟ್ಟ, ಫೋಟೊ ತೆಗೆಸಿದ, ಸಂಜೆ ಅವನ ಜನ ಬಂದು "ಗಾಲಿ ಸರಿಮಾಡಿ ತರ್ತೀವಿ" ಅಂತ ಒಯ್ದರು. ಮುಂದಿನ ಹುಟ್ಟುಹಬ್ಬಕ್ಕೆ ಅದೇ ಕುರ್ಚಿ ಬಂತು. ಗಾಲಿ ಹಾಗೇ ಇತ್ತು, ಬಣ್ಣ ಹೊಸದು. ಸಂಜೆ ಮತ್ತೆ ಹೋಯಿತು. ಈ ವರ್ಷ ಮೂರನೆಯ ಸಲ. ಈ ಸಲ ಬೆನ್ನೊರಗುವ ಜಾಗದಲ್ಲಿ ಕಪಿತಾನನ ನಗುಮುಖ ಅಚ್ಚು ಹಾಕಿಸಿದ್ದರು. ಒರಗಿ ಕೂತರೆ ನನ್ನ ಬೆನ್ನು ಅವನ ಮೂಗನ್ನು ಒತ್ತುತ್ತಿತ್ತು. ಅದೊಂದು ಸುಖ.

ಪಟ್ಟಣದಿಂದ ದೊಡ್ಡ ಮನುಷ್ಯರೊಬ್ಬರು ಮಧ್ಯಾಹ್ನಕ್ಕೆ ಬರುವವರಿದ್ದರು. ನನ್ನನ್ನು ಬೆಳಿಗ್ಗೆ ಆರಕ್ಕೇ ಹೊತ್ತುಕೊಂಡು ಹೋದರು. ಬಿಳಿ ಲಂಗ ತೊಡಿಸಿದರು. ಕಪಿತಾನನ ಹೆಂಡತಿ, ಊರೆಲ್ಲ ಕಪಿತಾನಾ ಅನ್ನುವವಳು, ರಟ್ಟಿನ ಎರಡು ರೆಕ್ಕೆ ತಂದು ನನ್ನ ಬೆನ್ನಿಗೆ ಕಟ್ಟಿದಳು.

"ಅಯ್ಯೋ ಎಷ್ಟು ಮುದ್ದು!" ಅಂದಳು. ಮೂವತ್ತನಾಲ್ಕು ವರ್ಷದ ಹೆಂಗಸಿಗೆ ರೆಕ್ಕೆ.

ಅಡುಗೆ ನಡೆಯುವ ಹಿತ್ತಲಿನ ನೆರಳಲ್ಲಿ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ನನಾಯ್ ಸಂತೆಗೆ ಹೋಗಿದ್ದಳು. ಇಸಿಂಗ್ ಆಚೆ ಬದಿಯ ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಬೆಳಗಿನ ತಿಂಡಿಗೆ ಎಲ್ಲರೂ ಕೂತರು. ತಟ್ಟೆಗಳು ನನ್ನ ತಲೆಯ ಮೇಲಿಂದ ಆ ಕೈಯಿಂದ ಈ ಕೈಗೆ ದಾಟಿದವು. ಒಂದೂ ಕೆಳಗಿಳಿಯಲಿಲ್ಲ. ದೇವದೂತೆಗೆ ಹಸಿವಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ.

ಹತ್ತು ಗಂಟೆಗೆ ಕೆಂಡದಿಂದ ಹಂದಿ ಇಳಿಸಿದರು. ಇಡೀ ಹಂದಿ. ಹೊಟ್ಟೆಯೊಳಗೆ ಮಜ್ಜಿಗೆ ಹುಲ್ಲಿನ ಕಟ್ಟು ತುಂಬಿ ಬೆಳಗಿನ ಜಾವದಿಂದ ಸುಟ್ಟದ್ದು. ಚರ್ಮ ಕೆಂಪಗೆ ಮಿಂಚುತ್ತಿತ್ತು, ತಣ್ಣಗಾಗುತ್ತ ಚಿಟಿಚಿಟಿ ಸದ್ದು ಮಾಡುತ್ತಿತ್ತು. ಬಾಳೆಲೆ ಹಾಸಿದ ಬಿದಿರು ಮಂಚದ ಮೇಲೆ ಅದನ್ನು ಮಲಗಿಸಿದರು. ನನ್ನ ಮೂಗಿನಿಂದ ಒಂದು ಗೇಣು.

"ನೊಣ ಕೂರುತ್ತಲ್ಲ, ಯಾರಾದ್ರೂ ಇಲ್ಲಿರಿ," ಅಂದ ಅಡುಗೆಯವನು.

"ಪುರಿಂಗ್ ಇದಾಳಲ್ಲ," ಅಂದಳು ಕಪಿತಾನಾ. ನನ್ನ ಬಲಗೈಗೊಂದು ಬೀಸಣಿಗೆ ತುರುಕಿದಳು. ಎಲ್ಲರೂ ಚಪ್ಪರ ಸಿಂಗರಿಸಲು ಮುಂದಿನ ಅಂಗಳಕ್ಕೆ ಹೋದರು.

ನಾನು ಬೀಸಿದೆ. ನಿಷ್ಠೆಯಿಂದಲೇ ಬೀಸಿದೆ.

ಸ್ವಲ್ಪ ಹೊತ್ತಿಗೆ ಕಪಿತಾನ್ ಬಂದ. ಅವನಿಗೆ ರಕ್ತದೊತ್ತಡ. ಹಂದಿಯ ಕೊಬ್ಬು ಮುಟ್ಟಬೇಡಿ ಅಂತ ವೈದ್ಯರು ಹೇಳಿದ್ದಾರೆ, ಹೆಂಡತಿ ಕಾವಲಿದ್ದಾಳೆ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನನ್ನನ್ನು ನೋಡಿದ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡ. ಹಂದಿಯ ಬಲಗಿವಿ ಮುರಿದು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿ ಅಗಿದ. ಆಮೇಲೆ ಎಡಗಿವಿ. ಬೆರಳು ನೆಕ್ಕಿ, ನನ್ನ ತಲೆ ತಟ್ಟಿ, ಹೋದ.

ಆ ಕ್ಷಣದಲ್ಲಿ ನನ್ನ ಬೀಸಣಿಗೆ ನಿಂತಿತು.

ಇವನು ನನ್ನೆದುರು ಕದ್ದ. ನಾಯಿಯೆದುರು ಕದಿಯುವಾಗಲೂ ಮನುಷ್ಯ ಸ್ವಲ್ಪ ಅಳುಕುತ್ತಾನೆ, ಅದು ಬೊಗಳಬಹುದು ಅಂತ. ಇವನಿಗೆ ಅಷ್ಟೂ ಇರಲಿಲ್ಲ.

ಬೀಸಣಿಗೆ ಬಿಟ್ಟೆ. ಕೈ ಚಾಚಿದೆ. ಮೊದಲ ಸಲ ಕೈ ಗಾಳಿಗೆ ಹೋಯಿತು. ಎರಡನೆಯ ಸಲ ನನ್ನ ಕೆನ್ನೆಗೇ ಹೊಡೆಯಿತು. ಮೂರನೆಯ ಸಲ ಹಂದಿಯ ಭುಜ ಸಿಕ್ಕಿತು. ಉಗುರು ಊರಿದೆ. ಚರ್ಮ ಟಪ್ ಅಂತ ಸೀಳಿತು. ಒಂದು ತುಂಡು ಎದ್ದು ಬಂತು. ಬಾಯಿಗೆ ತಲುಪಿಸುವಷ್ಟರಲ್ಲಿ ಹಣೆಗೆ, ಮೂಗಿಗೆ, ಗಲ್ಲಕ್ಕೆ ಎಲ್ಲ ಬಳಿದಿತ್ತು. ಆದರೆ ತಲುಪಿತು.

ಆ ಗರಿಗರಿಯನ್ನು ಹೇಗೆ ಹೇಳಲಿ? ವರ್ಷಾ ವರ್ಷಾ ನನಗೆ ಕೊಡುವುದು ಮೆತ್ತಗಿನ ಮಾಂಸ, ಅದೂ ಹಿಚುಕಿ. ಗಂಟಲಿಗೆ ಸಿಕ್ಕಿಕೊಂಡೀತಂತೆ. ಚರ್ಮ ಗಟ್ಟಿ ಹಲ್ಲಿನವರಿಗೆ, ದೊಡ್ಡವರಿಗೆ. ದಿನಾ ಗರಿ ಬಿಗಿಯುವ ಹಲ್ಲು ನನ್ನದು, ಯಾವನಿಗಿದೆ ಇಂಥ ಹಲ್ಲು?

ತಿಂದೆ. ಕುತ್ತಿಗೆಯಿಂದ ಬಾಲದವರೆಗೆ, ನನ್ನ ಬದಿಯದನ್ನೆಲ್ಲ ತಿಂದೆ. ಒಂದು ಗಂಟೆ ಹಿಡಿಯಿತು. ತೋಳು ನಡುಗಿ ಬೆವರು ಕಿತ್ತುಬಂತು. ನಡುವೆ ಕೈ ಜಾರಿದಾಗೆಲ್ಲ ರೆಕ್ಕೆಗೆ ಒರೆಸಿಕೊಂಡೆ. ರೆಕ್ಕೆ ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಹನ್ನೊಂದೂವರೆಗೆ ಕಪಿತಾನಾ ಬಂದಳು. ಕಿರುಚಿದಳು. ಎಲ್ಲರೂ ಓಡಿಬಂದರು. ಹಂದಿ ಒಂದು ಬದಿ ಮದುಮಗ, ಇನ್ನೊಂದು ಬದಿ ಬೆತ್ತಲೆ. ಕಿವಿ ಎರಡೂ ಇಲ್ಲ.

"ಯಾರು ಮಾಡಿದ್ದು?"

ನನ್ನ ಬಾಯಿಂದ ಎಣ್ಣೆ ಇಳಿಯುತ್ತಿತ್ತು. ಲಂಗದ ಮೇಲೆ ಚರ್ಮದ ಚೂರು. ಉಗುರಿನಲ್ಲಿ ಚರ್ಮದ ಚೂರು. ರೆಕ್ಕೆ ಎಣ್ಣೆ ಕುಡಿದು ಜೋತುಬಿದ್ದಿತ್ತು. "ನಾನು!" ಅಂತ ಕೂಗಿದೆ. "ನಾನು! ನಾನು!"

"ಅನ್ನ ಕೇಳ್ತಿದೆ ಪಾಪ," ಅಂದ ಅಡುಗೆಯವನು. ತಟ್ಟೆ ತಂದು ಒಂದು ತುತ್ತು ಬಾಯಿಗಿಟ್ಟ. ಬೆಳಗಿನಿಂದ ಸಿಗದ ಅನ್ನ. ನುಂಗಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಚರ್ಮದ ಮೇಲೆ ಅನ್ನ ಬೇಕೆನಿಸಿತ್ತು.

ಕಪಿತಾನಾ ಕರವಸ್ತ್ರದಿಂದ ನನ್ನ ಬಾಯಿ ಒರೆಸಿದಳು. ಎಣ್ಣೆ ನೋಡಿದಳು. ಅವಳ ಕಣ್ಣು ಕೆಂಪಾಯಿತು.

"ನೋಡಿ! ತಾನು ತಿಂದಿದ್ದಲ್ದೆ ಈ ಕೂಸಿನ ಬಾಯಿಗೂ ಬಳಿದಿದಾಳೆ! ದೇವದೂತೆ ಮೇಲೆ ತಪ್ಪು ಹೊರಿಸೋಕೆ! ಹಿತ್ತಲಲ್ಲಿ ಇದ್ದವಳು ಯಾರು? ಇಸಿಂಗ್!"

ಬಾವಿಯ ಹತ್ತಿರದಿಂದ ಇಸಿಂಗ್‌ಳನ್ನು ಎಳೆತಂದರು. ಕೈಯಲ್ಲಿ ಸೋಪಿನ ನೊರೆ, ಎಣ್ಣೆಯ ಒಂದು ಹನಿಯಿಲ್ಲ. ಅದಕ್ಕೂ ಅರ್ಥ ಕಟ್ಟಿದರು. ತೊಳೆದುಕೊಂಡಿದ್ದಾಳೆ ಅಂದರು. ಅವಳ ಗುಡಿಸಲು ಇರುವುದು ಕಪಿತಾನನ ಜಾಗದಲ್ಲಿ. ಅವನು ಅಲ್ಲೇ ತೀರ್ಪು ಹೇಳಿದ. ಭಾನುವಾರ ಸಭೆಮನೆಯಲ್ಲಿ ಊರೆದುರು ಮಂಡಿಯೂರಿ ತಪ್ಪೊಪ್ಪಬೇಕು. ಇಲ್ಲವಾದರೆ ಗುಡಿಸಲು ಕಿತ್ತುಕೊಂಡು ಹೋಗಬೇಕು. ಹೇಳುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅವನಿಗೆ ಗೊತ್ತಿತ್ತು. ಕಿವಿ ಎಲ್ಲಿ ಹೋಯಿತೆಂದು ಗೊತ್ತಿತ್ತು, ಉಳಿದದ್ದನ್ನು ಊಹಿಸುವಷ್ಟು ಬುದ್ಧಿಯೂ ಇತ್ತು.

ಪಟ್ಟಣದ ದೊಡ್ಡವರು ಬಂದರು. ಹಂದಿಯನ್ನು ತಿರುಗಿಸಿಟ್ಟು ಒಳ್ಳೆಯ ಬದಿಯಿಂದ ಫೋಟೊ ತೆಗೆದರು. ನನ್ನನ್ನೂ ಹಾಗೇ ತೆಗೆದರು. ಆ ಸಂಜೆ ಮಾತ್ರ ಕುರ್ಚಿ ಒಯ್ಯಲು ಯಾರೂ ಬರಲಿಲ್ಲ. ಅದು ನಮ್ಮ ಬಾಯಿ ಮುಚ್ಚಿಸಲು ಅಂತ ನನಗೆ ಅರ್ಥವಾಯಿತು.

ಮಾರನೆಯ ದಿನ ಇಸಿಂಗ್ ಬಂದಳು. ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು.

"ನೀನೇ ಅಲ್ವೇನೇ ತಿಂದಿದ್ದು?"

"ಹೂಂ."

"ಪೂರ್ತಿ?"

"ಒಂದು ಬದಿ."

ಬೆನ್ನಿಗೆ ಒಂದು ಬಿಟ್ಟಳು. ಬಲವಾಗಿಯೇ ಬಿಟ್ಟಳು. ಆಮೇಲೆ ನೆಲಕ್ಕೆ ಕೂತು ನಗಲು ಶುರುಮಾಡಿದಳು. ನಾನೂ ನಕ್ಕೆ. ನಗು ತಡೆಯಲಾರದೆ ಕುರ್ಚಿಯಿಂದ ಜಾರಿದೆ. ಅವಳು ಎತ್ತಿ ಕೂರಿಸಿದಳು.

"ಹೇಗಿತ್ತೇ?"

"ಗರಿಗರಿ."

"ಹಾಳಾದವಳೇ, ನಂಗೂ ಒಂದು ಚೂರು ಇಡಬಾರ್ದಿತ್ತಾ?" ಅಂದಳು. ಆಮೇಲೆ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರಾಗಿರಲಿಲ್ಲ. "ಹದಿನೆಂಟು ವರ್ಷದ ಗುಡಿಸಲು ಪುರಿಂಗ್. ತಿಂದಿದ್ರೆ ಒಪ್ಕೋತಿದ್ದೆ. ತಿನ್ನದೇ ಮಂಡಿ ಊರಿದ್ರೆ ರುಚಿನೂ ಇಲ್ಲ, ಮರ್ಯಾದೆನೂ ಇಲ್ಲ. ನೀನು ಬಂದು ಹೇಳ್ತೀಯಾ?"

"ಹೇಳ್ತಾನೇ ಇದೀನಿ!"

ನನಾಯ್ ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ನನ್ನ ಮಗಳು ಅಂಥದ್ದು ಮಾಡಲ್ಲ," ಅಂದಳು. "ನಾನೇ ಮಾಡಿದ್ದು ನನಾಯ್" ಅಂದೆ. "ನಿಂಗೆ ಗೊತ್ತಾಗಲ್ಲ, ಸುಮ್ನಿರು," ಅಂದಳು. ಅವಳ ಕಣ್ಣು ಕುರ್ಚಿಯ ಮೇಲಿತ್ತು. ಮೂವತ್ತನಾಲ್ಕು ವರ್ಷ ನನ್ನನ್ನು ಎತ್ತಿ ಎತ್ತಿ ಅವಳ ಸೊಂಟ ಹೋಗಿದೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಬುಧವಾರ ಪಾದ್ರಿ ಅನ್ಸೆಲ್ಮೊ ಬಂದರು. ಕಾಯಿಲೆಯವರ ಮನೆಗಳಿಗೆ ಪ್ರಸಾದ ತರುವ ದಿನ. ಪಾಪನಿವೇದನೆ ಮಾಡಬೇಕು ಅಂತ ಇಸಿಂಗ್‌ಳ ಬಾಯಲ್ಲಿ ಹೇಳಿಸಿದೆ. ಅವರು ಮುಗುಳ್ನಕ್ಕರು.

"ನಿನಗೆಲ್ಲಿ ಪಾಪ ಮಗಳೇ?"

ಹೇಳಿದೆ. ಹಂದಿ ಹೇಳಿದೆ. ಕ್ರಿಸ್ಪುಲೊನ ಬೆನ್ನು ಹೇಳಿದೆ. ಎದುರುಮನೆಯವಳ ಹೊಸ ಹಲ್ಲುಸೆಟ್ಟು ಬಿದ್ದುಹೋಗಲಿ ಅಂತ ದಿನಾ ಬೇಡಿಕೊಳ್ಳುವುದನ್ನು ಹೇಳಿದೆ. ಇಸಿಂಗ್ ಒಂದೂ ಬಿಡದೆ ಒಪ್ಪಿಸಿದಳು, ಕ್ರಿಸ್ಪುಲೊನ ವಿಷಯಕ್ಕೆ ಸ್ವಲ್ಪ ಮಸಾಲೆ ಸೇರಿಸಿಯೇ ಒಪ್ಪಿಸಿದಳು. ಪಾದ್ರಿಗಳು ಅವಳ ಕಡೆ ತಿರುಗಿ, "ನಿನ್ನ ಪಾಪಗಳನ್ನು ಈ ಮುಗ್ಧೆಯ ಬಾಯಿಗೆ ಹಾಕಬೇಡಮ್ಮ" ಅಂದರು. ನನ್ನ ಹಣೆಗೆ ಶಿಲುಬೆ ಗುರುತು ಹಾಕಿ ಎದ್ದರು. ಪ್ರಾಯಶ್ಚಿತ್ತ ಕೇಳಿದೆ. ಕೊಡಲಿಲ್ಲ. ಐದು ವರ್ಷದ ಮಕ್ಕಳು ಸುಳ್ಳು ಹೇಳಿದರೂ ಇವರ ಹತ್ತಿರ ಮೂರು ಜಪ ಸಿಗುತ್ತದೆ. ನನಗೆ ಅದೂ ಇಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಸಭೆಮನೆ ತುಂಬಿತು. ಮೇಜಿನ ಹಿಂದೆ ಕಪಿತಾನ್. ಅವನದೇ ಹಂದಿ, ಅವನದೇ ದೂರು, ಅವನದೇ ತೀರ್ಪು. ಪಕ್ಕದಲ್ಲಿ ಊರ ಹಿರಿಯ, ಎಲ್ಲರಿಗೂ ಲೋಲೊ, ಅಂದರೆ ಅಜ್ಜ, ಎಪಿಫಾನಿಯೊ. ಎಂಬತ್ತು ದಾಟಿದವರು, ಕಿವಿ ಮಂದ. ದೂರಿನ ಪುಸ್ತಕ ಬರೆಯುವವರು ಅವರೇ.

ನನ್ನನ್ನು ತಳ್ಳಿಕೊಂಡು ಬಂದವಳು ನನಾಯ್. ಬರುವುದಿಲ್ಲ ಅಂದಿದ್ದಳು. ಇಡೀ ಬೆಳಿಗ್ಗೆ ನಾನು ಒಂದೂ ಗರಿ ಸುತ್ತಲಿಲ್ಲ, ಒಂದು ತುತ್ತೂ ತಿನ್ನಲಿಲ್ಲ. ಬಾಯಿ ಬಿಗಿಹಿಡಿದು ಕೂತೆ. ಸೋತು ತಂದಳು.

"ಮಂಡಿ ಊರು," ಅಂದ ಕಪಿತಾನ್.

"ಊರಲ್ಲ," ಅಂದಳು ಇಸಿಂಗ್. "ಪುರಿಂಗ್‌ನ ಕೇಳಿ. ಅವಳು ಅಲ್ಲೇ ಇದ್ಲು."

ಜನ ನಕ್ಕರು. ನಾನು ಕುತ್ತಿಗೆಯನ್ನು ಬಲವಂತವಾಗಿ ಕಪಿತಾನನ ಕಡೆ ತಿರುಗಿಸಿದೆ. "ನಾನೇ ತಿಂದೆ" ಅಂದೆ.

"ಏನಂತೆ?" ಅಂದರು ಲೋಲೊ.

ನನಾಯ್ ನೆಲ ನೋಡಿದಳು. "ಎಲ್ಲರಿಗೂ ನಮಸ್ಕಾರ ಅಂತಿದಾಳೆ," ಅಂದಳು.

"ಸುಳ್ಳು!" ಅಂತ ಇಸಿಂಗ್ ಕೂಗಿದಳು. "ನಾನೇ ತಿಂದೆ ಅಂದ್ಲು!"

"ಚರ್ಮ ನಾನು ತಿಂದೆ. ಕಿವಿ ನಾನಲ್ಲ," ಅಂದೆ.

"ಕಪಿತಾನ್‌ಗೆ ಆಯಸ್ಸು ಹೆಚ್ಚಲಿ ಅಂತಿದಾಳೆ," ಅಂದಳು ನನಾಯ್.

ಕಪಿತಾನ್ ಕೈ ಎತ್ತಿದ. "ಸಾಕು. ಹೆತ್ತ ತಾಯಿ ಮಾತಿಗಿಂತ ಕಳ್ಳಿ ಮಾತು ಹೆಚ್ಚಾ? ಪುರಿಂಗ್‌ನ ಹೊರಗೆ ಕರ್ಕೊಂಡು ಹೋಗಿ. ಅವಳಿಗೆ ಏನು ಗೊತ್ತಾಗುತ್ತೆ ಪಾಪ? ಬುದ್ಧಿ ಇದ್ರೆ ತಾನೆ! ಕುಂಬಳಕಾಯಿ ತಂದು ಸಾಕ್ಷಿ ಕೇಳಿದ ಹಾಗಾಯ್ತು."

ನನಾಯ್ ತಲೆ ಎತ್ತಿದಳು.

"ಏನಂದ್ರಿ?"

"ಬೇಜಾರು ಮಾಡ್ಕೋಬೇಡಿ ಮನಾಂಗ್, ಇದ್ದಿದ್ದು ಹೇಳಿದೆ."

"ಕುಂಬಳಕಾಯಿನಾ?" ನನಾಯ್ ಕುರ್ಚಿಯ ಹಿಂದಿನಿಂದ ಮುಂದೆ ಬಂದು ನಿಂತಳು. "ನೀವು ತಿನ್ನೋ ಇಬೋಸ್ ಸುತ್ತೋಳು ಇವಳು. ನನ್ನ ಸಂತೆ ಲೆಕ್ಕ ಬಾಯಲ್ಲಿ ಹೇಳೋಳು ಇವಳು. ನಿಮ್ಮ ಮಕ್ಕಳಿಗಿಂತ ಮೊದಲು ಅಕ್ಷರ ಕಲಿತೋಳು, ಗೋಡೆಗೆ ಅಂಟಿಸಿದ ಹಳೇ ಪೇಪರ್ ನೋಡಿ. ಕುಂಬಳಕಾಯಂತೆ! ಮಾತಾಡು ಪುರಿಂಗ್. ಒಂದಕ್ಷರ ಬಿಡದೆ ಹೇಳ್ತೀನಿ."

ನಾನು ಮಾತಾಡಿದೆ. ಒಂದೊಂದು ಮಾತಿಗೂ ಮೈಯೆಲ್ಲ ಬಿಗಿಯುತ್ತಿತ್ತು. ನನಾಯ್ ಒಂದೊಂದನ್ನೂ ಎತ್ತಿ ಊರೆದುರು ಇಟ್ಟಳು.

"ಹಸಿವಾಗಿತ್ತು ಅಂತಾಳೆ. ಬೆಳಿಗ್ಗೆಯಿಂದ ಒಬ್ಬರೂ ಒಂದು ತುತ್ತು ಕೊಡಲಿಲ್ಲ ಅಂತಾಳೆ. ಚರ್ಮ ಇವಳೇ ತಿಂದಳಂತೆ. ರುಚಿಯಾಗಿತ್ತಂತೆ, ಉಪ್ಪು ಸ್ವಲ್ಪ ಮುಂದಾಗಿತ್ತಂತೆ. ಕಿವಿ ಮಾತ್ರ ಇವಳು ತಿಂದಿಲ್ಲವಂತೆ. ಕಿವಿ ಎರಡನ್ನೂ..." ನನಾಯ್ ಮೇಜಿನ ಕಡೆ ತಿರುಗಿದಳು. "ಕಿವಿ ಎರಡನ್ನೂ ಕಪಿತಾನ್ ತಿಂದರಂತೆ. ಮೊದಲು ಬಲಗಿವಿ. ಕಣ್ಣು ಮುಚ್ಚಿಕೊಂಡು."

ಲೋಲೊ ಎಪಿಫಾನಿಯೊ ಕಿವಿಗೆ ಅಂಗೈ ಹಿಡಿದು ಬಗ್ಗಿದರು.

"ಏನು? ಕಿವಿ? ಯಾರ ಕಿವಿ?"

"ಹಂದಿ ಕಿವಿ ಲೋಲೊ!" ಅಂತ ಹಿಂದಿನ ಸಾಲು ಕೂಗಿತು. "ಕಪಿತಾನ್ ತಿಂದರಂತೆ!"

ಲೋಲೊ ನಿಧಾನವಾಗಿ ತಿರುಗಿದರು. "ದೇವದೂತೆ ಸುಳ್ಳು ಹೇಳ್ತಾಳೇನಪ್ಪ ಕಪಿತಾನ್?"

"ದೇವದೂತೆ ಹೇಗೆ ಸುಳ್ಳು..." ಅಂದವನು ತಡೆದ. "ಇಲ್ಲ ಇಲ್ಲ, ಇವಳು ಸುಳ್ಳಿ! ಶುದ್ಧ ಸುಳ್ಳಿ!"

"ಸುಳ್ಳಿ ಆಗೋಳು ಕಳ್ಳಿನೂ ಆಗಬಹುದಲ್ಲ," ಅಂದರು ಲೋಲೊ. "ಯಾವುದು ಬರ್ಕೊಳ್ಳಲಿ? ಬೇಗ ಹೇಳು, ಶಾಯಿ ಒಣಗುತ್ತೆ."

ನಗು ಮೊದಲು ಹೆಂಗಸರ ಸಾಲಿನಿಂದ ಎದ್ದಿತು. ಆಮೇಲೆ ಸಭೆಮನೆಯ ತಗಡು ಅದುರಿತು. ಕಪಿತಾನಾ ಒಬ್ಬಳೇ ನಗಲಿಲ್ಲ. ಗಂಡನ ಹತ್ತಿರ ಬಂದು ನಿಂತಳು. "ಎರಡೂ ಕಿವಿನಾ?" ಅಂದಳು. "ಡಾಕ್ಟರ್ ಏನು ಹೇಳಿದಾರೆ ನಿಮಗೆ?"

"ಸರಿ ಸರಿ, ಮುಗೀತು," ಅಂತ ಅವನು ಎದ್ದ. "ಇಸಿಂಗ್ ಹೋಗು. ಪುರಿಂಗ್‌ನ ಕ್ಷಮಿಸಿದೀವಿ. ದೇವರ ಕೂಸು."

"ಬೇಡ," ಅಂದೆ.

ಅದನ್ನು ನನಾಯ್ ಹೇಳಬೇಕಾಗಲಿಲ್ಲ. ಅದು ಎಲ್ಲರಿಗೂ ಕೇಳಿಸಿತು.

"ಕ್ಷಮೆ ಬೇಡವಂತೆ," ಅಂದಳು ನನಾಯ್, ನಾನು ಮುಂದೆ ಹೇಳಿದ್ದನ್ನು ಹಿಡಿದು. "ಇಸಿಂಗ್ ತಿಂದಿದ್ರೆ ಗುಡಿಸಲು ಕೀಳ್ತಿದ್ರಿ. ಇವಳು ತಿಂದ್ರೆ ತಲೆ ಸವರ್ತೀರಾ ಅಂತ ಕೇಳ್ತಾಳೆ. ಇವಳೂ ಮನುಷ್ಯಳೇ ಅಂತೆ. ಕದ್ದಿದಾಳೆ, ಶಿಕ್ಷೆ ಬೇಕಂತೆ. ಪುಸ್ತಕದಲ್ಲಿ ಹೆಸರು ಬರೀಬೇಕಂತೆ. ಬರೆಯೋವರೆಗೂ ಇಲ್ಲಿಂದ ಕದಲಲ್ಲವಂತೆ." ಆಮೇಲೆ ತನ್ನದೇ ಮಾತು ಸೇರಿಸಿದಳು. "ನಾನೂ ಕದಲಲ್ಲ."

ಲೋಲೊ ಬರೆದರು. ಪೂರ್ತಿ ಹೆಸರು ಕೇಳಿ, ಕಾಗುಣಿತ ನನ್ನನ್ನೇ ಕೇಳಿ ಬರೆದರು. ನಾಲ್ಕು ಶನಿವಾರ ಮಕ್ಕಳ ಗಂಜಿ ಬೇಯಿಸುವ ಕಡೆ ಬೆಳ್ಳುಳ್ಳಿ ಸುಲಿಯಬೇಕು. ಊರಲ್ಲಿ ಸಣ್ಣ ತಪ್ಪು ಮಾಡಿದವರಿಗೆಲ್ಲ ಅದೇ ಶಿಕ್ಷೆ. ಕಿವಿಯ ವಿಷಯ ಬರೆಯಲಿಲ್ಲ. ನಾನು ಕೇಳಿದೆ. "ಅವನು ಕಪಿತಾನ್ ಕಣಮ್ಮ" ಅಂದರು. ಅಷ್ಟೇ.

ಸೋಮವಾರ ಕುರ್ಚಿ ಒಯ್ದರು. ಈ ಸಲ ಗಾಲಿಯ ನೆಪವನ್ನೂ ಹೇಳಲಿಲ್ಲ. ನಾನು ಅತ್ತೆ. ಅದು ಬೇಡವಾಗಿತ್ತು ಅಂತ ಸುಳ್ಳು ಹೇಳಲಾರೆ. ಕುರ್ಚಿ ನನಗೆ ಬೇಕಿತ್ತು. ಅವನ ಮೂತಿಯಿಲ್ಲದೆ, ರೆಕ್ಕೆಯಿಲ್ಲದೆ, ನನ್ನದಾಗಿ ಬರಬೇಕಿತ್ತು. ಇವತ್ತಿಗೂ ಬಂದಿಲ್ಲ. ಅಂಕಕ್ಕೆ ಹೋಗುವವರು ಈಗ ನಮ್ಮ ಅಂಗಳ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಕಳ್ಳಿಯನ್ನು ಮುಟ್ಟಿದರೆ ಹುಂಜ ಸೋಲುತ್ತದಂತೆ. ಇಸಿಂಗ್ ತನ್ನ ಗುಡಿಸಲಲ್ಲೇ ಇದ್ದಾಳೆ. ಕಪಿತಾನನ ಮನೆಯ ಬಟ್ಟೆ ಒಗೆಯುವುದನ್ನು ಬಿಟ್ಟಿದ್ದಾಳೆ.

ಮೊದಲ ಶನಿವಾರ ನನಾಯ್ ಮತ್ತು ಇಸಿಂಗ್ ಸೇರಿ ನನ್ನನ್ನು ಬಟ್ಟೆ ಒಯ್ಯುವ ತಳ್ಳುಗಾಡಿಯಲ್ಲಿ ಕೂರಿಸಿ ಸಭೆಮನೆಯ ಹಿತ್ತಲಿಗೆ ತಂದರು. ಚಾಪೆಯ ಮೇಲೆ ಇಳಿಸಿ ಹೋದರು. ಅಲ್ಲಿ ಆಗಲೇ ಒಬ್ಬ ಕೂತಿದ್ದ. ಸಿಕ್ಸ್ಟೊ ಅಂತ, ಮೀನುಗಾರ. ಕುಡಿದು ಪಕ್ಕದವನ ದೋಣಿಗೆ ಉಚ್ಚೆ ಹೊಯ್ದು ಬಂದವನು. ನಮ್ಮಿಬ್ಬರ ನಡುವೆ ಬೆಳ್ಳುಳ್ಳಿಯ ರಾಶಿ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ತಲೆ ಸವರಲು ಕೈ ಚಾಚಲಿಲ್ಲ.

"ಹಂದಿ ಚರ್ಮ ತಿಂದೋಳು ನೀನೇನಾ? ಒಬ್ಬಳೇ? ಯಾರಿಗೂ ಒಂದು ಚೂರು ಕೊಡದೆ?"

ಹೂಂ ಅಂದೆ.

"ಥೂ, ಹೊಟ್ಟೆಬಾಕಿ," ಅಂದ. ರಾಶಿಯನ್ನು ಎರಡು ಪಾಲು ಮಾಡಿ ದೊಡ್ಡದನ್ನು ನನ್ನ ಕಡೆ ದೂಡಿದ. "ದೊಡ್ಡ ತಪ್ಪು ನಿಂದು. ಸುಲಿ."

ನಾನು ಕಾಲಿನಿಂದ ರಾಶಿಯನ್ನು ವಾಪಸ್ ದೂಡಿದೆ. ಅವನ ತಾಯಿಯ ವಿಷಯವಾಗಿ ಒಂದು ಮಾತು ಹೇಳಿದೆ.

"ಏನಂದೆ?"

ಇನ್ನೊಮ್ಮೆ ಹೇಳಿದೆ. ನಿಧಾನವಾಗಿ, ಒಂದೊಂದೇ ಅಕ್ಷರ.

ಸಿಕ್ಸ್ಟೊನ ಮುಖ ಕಿವಿಯವರೆಗೆ ಕೆಂಪಾಯಿತು. ಕೈಯಲ್ಲಿದ್ದ ಬೆಳ್ಳುಳ್ಳಿ ನೆಲಕ್ಕೆಸೆದ.

"ನಿಮ್ಮಪ್ಪ ಕಣೇ," ಅಂದ.

ನನಾಯ್ ಇರಲಿಲ್ಲ. ಇಸಿಂಗ್ ಇರಲಿಲ್ಲ. ಅವನಿಗೆ ಅರ್ಥವಾಗಿತ್ತು.